ಹರಿದ ಕಿವಿಯ ದೀಪದವಳು

ಫೆಬ್ರವರಿ ೯, ೧೯೮೮

ಪ್ರೀತಿಯ ಮೆಣಸು,

ನಿನ್ನ ಅಣ್ಣ ಕೆಲಸಕ್ಕೆ ಬಾರದವನಲ್ಲ ಎಂದು ಈ ಊರಿಗೆ ಕೊನೆಗೂ ಗೊತ್ತಾಗಿದೆ. ನಿನಗೆ ಗೊತ್ತಾಗಲು ಇನ್ನೂ ಕೆಲವು ವರ್ಷ ಬೇಕಾಗಬಹುದು.

ನಮ್ಮ ಕಾರ್ಖಾನೆಯ ಯಜಮಾನರು ಮಕ್ಕಳ ಆಟಿಕೆ ಬಿಟ್ಟು, ದೊಡ್ಡವರು ಕೂಡಿಡುವಂಥ ಗೊಂಬೆ ಮಾಡಿಸುತ್ತಾರಂತೆ ಎಂದು ಬರೆದಿದ್ದೆನಲ್ಲ, ಆಗ ನೀನು ‘ದೊಡ್ಡವರಿಗೆ ಬೇರೆ ಕಸುಬಿಲ್ಲವೇ’ ಎಂದು ಮೂಗು ಮುರಿದಿದ್ದೆ. ಇಲ್ಲವೆಂದು ಈಗ ಸಾಬೀತಾಗಿದೆ. ಗೊಂಬೆಗಳ ಮಾಲೆಯ ಹೆಸರು ‘ಏಳು ಬಾಗಿಲ ಕೋಟೆ’. ಎಲ್ಲೂ ಇಲ್ಲದ ಒಂದು ರಾಜ್ಯ, ಅದರ ಕೋಟೆಗೆ ಏಳು ಬಾಗಿಲು, ಬಾಗಿಲಿಗೊಬ್ಬರು ಕಾವಲು. ಹೆಬ್ಬೆರಳಿನಷ್ಟು ಎತ್ತರದ ಗೊಂಬೆ, ಡಬ್ಬಿಯೊಳಗೆ ಅದರ ಕಥೆ ಬರೆದ ಒಂದು ಚೀಟಿ. ನಾನು ಭೂತಗನ್ನಡಿ ಕೆಳಗೆ ಮೇಣದಲ್ಲಿ ಕೆತ್ತುತ್ತೇನೆ, ಅದರಿಂದ ರಬ್ಬರ್ ಅಚ್ಚು ತೆಗೆಯುತ್ತಾರೆ, ಅಚ್ಚಿಗೆ ರಾಳ ಸುರಿಯುತ್ತಾರೆ, ಒಳಗಿನ ಕೋಣೆಯ ಹೆಂಗಸರು ಬಣ್ಣ ಬಳಿಯುತ್ತಾರೆ. ಮೊದಲ ಆರು ಬಾಗಿಲು ಹೇಗೋ ಹೋದವು. ಏಳನೆಯದಕ್ಕೆ ಅಂಗಡಿಗಳ ಮುಂದೆ ಜನ ಬೆಳಿಗ್ಗೆಯೇ ಬಂದು ನಿಲ್ಲುತ್ತಿದ್ದಾರೆ.

ಈಗ ಬೈಯದೆ ಓದು. ನನ್ನದೊಂದು ಅಭ್ಯಾಸವಿದೆ. ಪ್ರತಿ ಗೊಂಬೆಗೂ ನಾನು ಕಂಡ ಮನುಷ್ಯರ ಒಂದು ಕುಂದನ್ನು ಇಡುತ್ತೇನೆ. ಕುಳ್ಳ ಕಮ್ಮಾರನಿಗೆ ನಮ್ಮ ಹಾಲಿನವನ ಸೊಟ್ಟ ಹೆಬ್ಬೆರಳು, ಮಾಟಗಾತಿಗೆ ಲೆಕ್ಕದ ಮೇಷ್ಟರ ಜೋತುಬಿದ್ದ ರೆಪ್ಪೆ. ನಕಲಿ ಮಾಡುವವರು ಅದನ್ನು ಅಚ್ಚಿನ ದೋಷ ಅಂದುಕೊಂಡು ಅರದಿಂದ ಉಜ್ಜಿ ಸರಿಮಾಡುತ್ತಾರೆ, ಸಿಕ್ಕಿಬೀಳುತ್ತಾರೆ. ಕುಂದು ಇದ್ದದ್ದೇ ಅಸಲಿ. ಏಳನೇ ಬಾಗಿಲಿನಲ್ಲಿ ದೀಪ ಹಿಡಿದು ಕಾಯುವ ‘ದೀಪದವಳ’ ಎಡಗಿವಿಯ ತುದಿ ಎರಡಾಗಿ ಸೀಳಿದೆ. ಚಿಕ್ಕಂದಿನಲ್ಲಿ ನಿನ್ನ ಸ್ವೆಟರ್ ತೆಗೆಯುವಾಗ ಅಮ್ಮನ ಅವಸರಕ್ಕೆ ರಿಂಗು ಉಣ್ಣೆಯಲ್ಲಿ ಸಿಕ್ಕಿ ಹರಿಯಿತಲ್ಲ, ಆ ಕಿವಿ. ಕಿವಿ ಇಟ್ಟ ಮೇಲೆ ಮುಖ ಬೇರೆಯವರದ್ದು ಹೊಂದಲೇ ಇಲ್ಲ. ಹಾಗಾಗಿ ಮುಖವೂ ನಿನ್ನದೇ.

ನಿನ್ನ,
ಅಣ್ಣ

*

ಮಾರ್ಚ್ ೨, ೧೯೮೮

ಅಣ್ಣ,

ನನ್ನನ್ನು ಕೇಳದೆ ನನ್ನ ಕಿವಿ ಮಾರಿದ್ದೀಯ. ಸಿಕ್ಕರೆ ನಿನ್ನ ಕಿವಿ ಹಿಂಡುತ್ತೇನೆ.

ನಿಜ ಹೇಳಲೇ, ಖುಷಿಯೂ ಆಯಿತು. ಸ್ಕೂಲಿನಲ್ಲಿ ಎಲ್ಲರೂ ನನ್ನನ್ನು ‘ಹರಕು ಕಿವಿ’ ಎನ್ನುತ್ತಿದ್ದರು, ಎಷ್ಟು ಅತ್ತಿದ್ದೇನೆ ನಿನಗೆ ಗೊತ್ತು. ಈಗ ಅದಕ್ಕೇ ಜನ ಸಾಲು ನಿಲ್ಲುತ್ತಾರೆ ಅಂದರೆ ಒಳಗೊಳಗೇ ನಗು ಬರುತ್ತದೆ.

ಇಲ್ಲಿ ಕೆಲಸ ಚೆನ್ನಾಗಿದೆ. ಕಣ್ಣಿನ ಡಾಕ್ಟರು ಒಳಗಿನ ಕತ್ತಲೆ ಕೋಣೆಯಲ್ಲಿ ನಂಬರು ನೋಡುತ್ತಾರೆ, ನಾನು ಹೊರಗೆ ಗಾಜಿನ ಮೇಜಿನ ಹಿಂದೆ ಕನ್ನಡಕ ಕೂರಿಸುತ್ತೇನೆ. ಮುಖಕ್ಕೆ ಮುಖ ಹತ್ತಿರ ತಂದು, ಕಡ್ಡಿ ಕಿವಿಯ ಹಿಂದೆ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಮೊದಮೊದಲು ಮುಜುಗರವಾಗುತ್ತಿತ್ತು, ಈಗ ಯಾರ ಮುಖವೂ ನನಗೆ ಮುಖ ಅನ್ನಿಸುವುದಿಲ್ಲ, ಬರೀ ಅಳತೆ. ಹೊಸ ಕನ್ನಡಕ ಹಾಕಿಕೊಂಡವರು ಮೊದಲು ನೋಡುವುದು ನನ್ನನ್ನೇ. ‘ಓಹೋ, ನೀವು ಹೀಗಿದ್ದೀರಾ’ ಅಂತಾರೆ. ನಾನು ‘ಹೀಗೇ ಇರೋದು, ಬದಲಾಯಿಸಿ ಕೊಡಕ್ಕಾಗಲ್ಲ’ ಅಂತೀನಿ. ಡಾಕ್ಟರು ಒಳಗಿನಿಂದಲೇ ನಗುತ್ತಾರೆ.

ನನಗೂ ಒಂದು ದೀಪದವಳನ್ನು ಕಳಿಸು. ಪುಕ್ಕಟೆ.

ಮೆಣಸು

*

ನವೆಂಬರ್ ೧೭, ೧೯೮೮

ಪ್ರೀತಿಯ ಮೆಣಸು,

ಬರೆಯದೆ ಬಹಳ ದಿನವಾಯಿತು, ತಲೆ ಎತ್ತಲು ಪುರುಸೊತ್ತಿಲ್ಲ. ಕಾರ್ಖಾನೆಗೆ ಪಕ್ಕದ ಗೋದಾಮನ್ನೂ ಸೇರಿಸಿಕೊಂಡಿದ್ದೇವೆ. ಬಣ್ಣದ ಕೋಣೆಯಲ್ಲಿ ಹೆಂಗಸರು ಎರಡು ಪಾಳಿ ಕೂರುತ್ತಾರೆ. ಯಜಮಾನರು ನನ್ನ ಬೆನ್ನು ತಟ್ಟಿ ತಟ್ಟಿ ಭುಜ ನೋಯುತ್ತಿದೆ. ಹಡಗಿನಲ್ಲಿ ಸಮುದ್ರದಾಚೆ ನಿನ್ನ ಕಡೆಗೂ ಪೆಟ್ಟಿಗೆಗಟ್ಟಲೆ ಹೋಗುತ್ತಿವೆಯಂತೆ.

ನಕಲಿಗಳೂ ಬಂದಿವೆ. ಅದಕ್ಕೆ ನಮ್ಮ ತಿಂಗಳ ಪತ್ರಿಕೆ ‘ಕೋಟೆ ಸಮಾಚಾರ’ದಲ್ಲಿ ದೀಪದವಳ ಕಿವಿಯನ್ನು ಅಂಗೈಯಷ್ಟು ದೊಡ್ಡದಾಗಿ ಅಚ್ಚು ಹಾಕಿದ್ದಾರೆ: ‘ಕಿವಿ ನೋಡಿ, ಅಸಲಿ ಗುರುತಿಸಿ.’ ಕೂಡಿಡುವವರು ಊರೂರಲ್ಲಿ ಸಂಘ ಮಾಡಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಸೇರುತ್ತಾರೆ, ಒಬ್ಬ ಪರೀಕ್ಷಕ ಭೂತಗನ್ನಡಿ ಹಿಡಿದು ಎಲ್ಲ ಗೊಂಬೆ ನೋಡುತ್ತಾನೆ. ನಕಲಿ ಸಿಕ್ಕಿದರೆ ಕಲ್ಲಿನ ಮೇಲಿಟ್ಟು ಚಿಕ್ಕ ಸುತ್ತಿಗೆಯಿಂದ ಪುಡಿ ಮಾಡುತ್ತಾನೆ, ಉಳಿದವರು ಚಪ್ಪಾಳೆ ತಟ್ಟುತ್ತಾರೆ. ನಾನೂ ಒಂದು ಸಭೆಗೆ ಹೋಗಿದ್ದೆ. ಮುದುಕರೂ ಮಕ್ಕಳ ಹಾಗೆ ಕುಣಿಯುತ್ತಿದ್ದರು.

ಪತ್ರಿಕೆಯವರು ನನ್ನ ಸಂದರ್ಶನವನ್ನೂ ಮಾಡಿದರು, ಫೋಟೋ ಸಮೇತ. ನಿನ್ನ ಬಗ್ಗೆಯೂ ಎರಡು ಒಳ್ಳೆಯ ಮಾತು ಹೇಳಿದ್ದೇನೆ.

ಅಣ್ಣ

*

ಜನವರಿ ೨೩, ೧೯೮೯

ಅಣ್ಣ,

ನಿನ್ನ ಪತ್ರ ಓದಿ ಹೆಮ್ಮೆಯಾಯಿತು. ಕಣ್ಣು ಹಾಳು ಮಾಡಿಕೊಳ್ಳಬೇಡ, ಭೂತಗನ್ನಡಿ ಕೆಳಗೆ ಬಹಳ ಹೊತ್ತು ಕೂರುವವರ ಗತಿ ನಾನು ದಿನಾ ನೋಡುತ್ತೇನೆ.

ಇಲ್ಲಿ ವಿಶೇಷವೇನಿಲ್ಲ. ನನ್ನ ಮೇಜನ್ನು ಸ್ವಲ್ಪ ತಿರುಗಿಸಿ ಹಾಕಿಸಿಕೊಂಡೆ, ಎಡಗಡೆ ಈಗ ಗೋಡೆ ಬರುತ್ತದೆ. ತಲೆಗೆ ಸ್ಕಾರ್ಫ್ ಕಟ್ಟಿಕೊಳ್ಳುತ್ತಿದ್ದೇನೆ, ಚಳಿಗೆ ಒಳ್ಳೆಯದು. ‘ಕೋಟೆ ಸಮಾಚಾರ’ ಈ ಊರಿಗೂ ಬರುತ್ತದೆಯೇ? ಸುಮ್ಮನೆ ಕೇಳಿದೆ.

ದೀಪದವಳನ್ನು ಕಳಿಸು ಎಂದಿದ್ದೆ, ನೀನು ಮರೆತೇಬಿಟ್ಟೆ. ಪರವಾಗಿಲ್ಲ, ಈಗ ಬೇಡ.

ಮೆಣಸು

*

ಫೆಬ್ರವರಿ ೧೪, ೧೯೮೯

ಪ್ರೀತಿಯ ಮೆಣಸು,

ಅಬ್ಬಾ, ಏನು ಜಂಬ! ಗೊಂಬೆ ಕಳಿಸಲಿಲ್ಲವೆಂದು ‘ಈಗ ಬೇಡ’ ಎನ್ನುವಷ್ಟು ಕೋಪವೇ? ಈ ಪತ್ರದ ಜೊತೆಯಲ್ಲೇ ಒಂದನ್ನು ಕಳಿಸಿದ್ದೇನೆ. ಅಚ್ಚಿನಿಂದ ಬಂದ ಮೊದಲನೆಯದು, ನಾನೇ ಬಣ್ಣ ಬಳಿದದ್ದು, ಪಾದದಡಿ ನನ್ನ ಸಹಿ ಇದೆ. ಅಂಗಡಿಯ ಗಾಜಿನ ಕಪಾಟಿನಲ್ಲಿಡು, ನಿನ್ನ ಡಾಕ್ಟರಿಗೂ ನಾಲ್ಕು ಗಿರಾಕಿ ಜಾಸ್ತಿಯಾಗಲಿ.

ಪತ್ರಿಕೆ ಅಲ್ಲಿಗೂ ಬರುತ್ತದೆ. ನೀನು ಅಲ್ಲಿ ಸಣ್ಣ ರಾಣಿಯಾಗಿರಬೇಕು, ಸ್ಕಾರ್ಫ್ ತೆಗೆದು ಕೂತುಕೋ.

ಅಣ್ಣ

*

ಮೇ ೧೧, ೧೯೮೯

ಅಣ್ಣ,

ಈ ಪತ್ರವನ್ನು ಎಷ್ಟೋ ಸಲ ಬರೆದು ಹರಿದೆ. ನಿನ್ನ ಸಂತೋಷಕ್ಕೆ ಮಣ್ಣು ಹಾಕಬಾರದು ಅಂತ ಸುಮ್ಮನಿದ್ದೆ. ಇನ್ನು ಆಗುವುದಿಲ್ಲ, ನನಗೆ ಭಯವಾಗುತ್ತಿದೆ.

ಹೋದ ಚಳಿಗಾಲದಿಂದ ಒಬ್ಬ ಗಿರಾಕಿ ಬರುತ್ತಾನೆ. ಮಧ್ಯವಯಸ್ಸು, ಇಸ್ತ್ರಿ ಮಾಡಿದ ಕೋಟು, ತುಂಬ ಮೆತ್ತಗಿನ ಮಾತು. ಕನ್ನಡಕದ ಗಾಜು ಬೆರಳು ದಪ್ಪ, ಅದಿಲ್ಲದಿದ್ದರೆ ತನ್ನ ಅಂಗೈಯೇ ಕಾಣದು. ಪ್ರತಿಸಲವೂ ‘ಕಡ್ಡಿ ಸಡಿಲ ಆಗಿದೆ’ ಅಂತ ಬರುತ್ತಾನೆ. ನಾನೂ ಡಾಕ್ಟರೂ ಅವನಿಗೆ ‘ಸಡಿಲ ಕಡ್ಡಿ’ ಎಂದೇ ಹೆಸರಿಟ್ಟು ನಗುತ್ತಿದ್ದೆವು. ನಾನು ಸ್ಕ್ರೂ ಬಿಗಿಮಾಡಿ ಕೂರಿಸುತ್ತೇನೆ, ಹೋಗುತ್ತಾನೆ, ಮತ್ತೆ ಬರುತ್ತಾನೆ. ಅಷ್ಟು ಬೇಗ ಯಾವ ಸ್ಕ್ರೂ ಸಡಿಲವಾಗುತ್ತದೆ ಹೇಳು? ಅವನೇ ಬಿಚ್ಚಿಕೊಂಡು ಬರುತ್ತಿದ್ದ.

ಒಂದು ದಿನ ಕಡ್ಡಿ ನೋಡಲೆಂದು ಬಗ್ಗಿದ್ದೆ. ಅವನು ಉಸಿರಿನಲ್ಲೇ ‘ಅಸಲಿ’ ಎಂದ. ನಾನು ಫ್ರೇಮಿನ ಬಗ್ಗೆ ಹೇಳುತ್ತಿದ್ದಾನೆ ಅಂದುಕೊಂಡು ‘ಹೌದು ಸರ್, ಗ್ಯಾರಂಟಿ ಇದೆ’ ಅಂದೆ. ಅವನ ಕಣ್ಣು ನನ್ನ ಕಿವಿಯ ಮೇಲಿತ್ತು. ಅವತ್ತೇ ಮೇಜು ತಿರುಗಿಸಿದ್ದು.

ನಿನ್ನ ಗೊಂಬೆ ಬಂತು. ನಾನು ಒಳಗೆ ಎತ್ತಿಡುವ ಮುಂಚೆಯೇ ಡಾಕ್ಟರು ಪಾಪ, ನನ್ನನ್ನು ಖುಷಿಪಡಿಸಲು ಕಪಾಟಿನಲ್ಲಿಟ್ಟುಬಿಟ್ಟರು. ಅವನು ಬಂದು ಅದನ್ನೂ ನನ್ನನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕೈಮುಗಿದು, ‘ಏಳನೇ ಬಾಗಿಲು ಯಾವಾಗ ತೆಗೀತೀರಾ?’ ಎಂದು ಕೇಳಿದ. ತಮಾಷೆ ಮಾಡುವವರ ಮುಖ ನನಗೆ ಗೊತ್ತು. ಅದು ತಮಾಷೆಯ ಮುಖವಲ್ಲ.

ಈಗ ಮನೆಯವರೆಗೂ ಬರುತ್ತಾನೆ. ಎದುರು ಫುಟ್‌ಪಾತಿನಲ್ಲಿ ಬಟ್ಟೆ ಒಗೆಯುವ ಅಂಗಡಿಯ ಕಿಟಕಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಉರಿದು ಆರಿದ ಒಂದು ಮೋಂಬತ್ತಿ ಇರುತ್ತದೆ. ದಿನಾ ಇರುತ್ತದೆ, ಅಣ್ಣ.

ಈ ಊರಲ್ಲಿ ಇಷ್ಟು ಅಂಗಡಿಗಳಿವೆ. ಅವನು ನನ್ನನ್ನು ಹೇಗೆ ಹುಡುಕಿದ ಎಂಬುದೇ ತಿಳಿಯುತ್ತಿಲ್ಲ.

ತಂಗಿ

*

ಜೂನ್ ೨, ೧೯೮೯

ಮೆಣಸು,

ನಿನ್ನ ಪತ್ರ ಸಿಕ್ಕಿತು. ಎರಡು ದಿನದಿಂದ ಉಳಿ ಹಿಡಿದಿಲ್ಲ. ಮೊದಲು ಪೊಲೀಸರಿಗೆ ಹೇಳು. ಗೊಂಬೆಯನ್ನು ಕಪಾಟಿನಿಂದ ತೆಗೆ. ಒಬ್ಬಳೇ ಓಡಾಡಬೇಡ. ರಜೆ ಹಾಕಿ ಇಲ್ಲಿಗೆ ಬಾ ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುತ್ತೇನೆ, ಬಾ.

ಅವನು ಹೇಗೆ ಹುಡುಕಿದನೋ, ಅದನ್ನು ಈಗ ಬಿಡು. ಯಾವನೋ ಹುಚ್ಚ. ಅದನ್ನೇ ಯೋಚಿಸಿ ತಲೆ ಕೆಡಿಸಿಕೊಳ್ಳಬೇಡ.

ನನ್ನ ಹತ್ತಿರ ಒಂದು ಉಪಾಯವಿದೆ. ಆಗುವವರೆಗೆ ಹೇಳುವುದಿಲ್ಲ. ಈ ಗಂಟು ಕಟ್ಟಿದವನು ನಾನು, ಬಿಚ್ಚುವವನೂ ನಾನೇ.

ಅಣ್ಣ

*

ಜೂನ್ ೧೮, ೧೯೮೯

ಅಣ್ಣ,

ಪೊಲೀಸ್ ಠಾಣೆಗೆ ಹೋಗಿದ್ದೆ, ಡಾಕ್ಟರೂ ಜೊತೆಗೆ ಬಂದಿದ್ದರು. ‘ಏನಾದ್ರೂ ಮಾಡಿದ್ನಾ?’ ಎಂದು ಕೇಳಿದರು. ಮೋಂಬತ್ತಿ ಇಡುತ್ತಾನೆ ಅಂದೆ. ಬರೆದುಕೊಳ್ಳುತ್ತಿದ್ದವನು ಪೆನ್ನು ಕೆಳಗಿಟ್ಟು ನಕ್ಕ. ‘ಕರೆಂಟ್ ಹೋದಾಗ ಉಪಯೋಗಕ್ಕೆ ಬರುತ್ತಲ್ಲಮ್ಮ’ ಅಂದ.

ಹೊರಗೆ ಬಂದರೆ ಅವನು ಮೆಟ್ಟಿಲ ಕೆಳಗೇ ನಿಂತಿದ್ದ. ಡಾಕ್ಟರು ಗದರಿಸಿದರು. ಅವನು ಬೇಜಾರು ಮಾಡಿಕೊಳ್ಳದೆ, ‘ನನ್ನಿಂದ ಇವರಿಗೆ ಯಾವ ತೊಂದರೆನೂ ಇಲ್ಲ ಡಾಕ್ಟ್ರೇ, ನಾನು ಇವರನ್ನ ಕಾಯ್ತಾ ಇದೀನಿ’ ಎಂದ. ತಾನು ಈ ಊರಿನ ಸಂಘದ ಪರೀಕ್ಷಕನಂತೆ. ಕೋಟಿನ ಒಳಜೇಬಿನಿಂದ ಒಂದು ಸುತ್ತಿಗೆ ತೆಗೆದು ತೋರಿಸಿದ, ಹಿಡಿಗೆ ಬಟ್ಟೆ ಸುತ್ತಿದ ಚಿಕ್ಕ ಸುತ್ತಿಗೆ. ‘ಲೋಕದ ತುಂಬಾ ನಕಲಿ ತುಂಬಿಕೊಂಡಿದೆ. ನಕಲಿ ಕಂಡ್ರೆ ನನ್ನ ಕೈ ನಿಲ್ಲಲ್ಲ. ನೀವೊಬ್ರೇ ಅಸಲಿ, ನಿಮಗೆ ಏನೂ ಆಗಲ್ಲ’ ಅಂದ. ಡಾಕ್ಟರು ನನ್ನನ್ನು ತಮ್ಮ ಬೆನ್ನ ಹಿಂದೆ ಸರಿಸಿದರು.

ನಾನೇ ಧೈರ್ಯ ಮಾಡಿ ಕೇಳಿದೆ, ನಾನು ಇಲ್ಲಿರುವುದು ಅವನಿಗೆ ಯಾರು ಹೇಳಿದರು ಎಂದು. ‘ನಿಮ್ಮ ಅಣ್ಣನೇ. ಪತ್ರಿಕೆಯಲ್ಲಿ ಹೇಳಿದಾರಲ್ಲ’ ಅಂದ. ಸಂದರ್ಶನದ ಸಾಲು ಬಾಯಿಪಾಠ ಒಪ್ಪಿಸಿದ: ದೀಪದವಳು ನನ್ನ ತಂಗಿ, ಬಂದರಿನ ರಸ್ತೆಯಲ್ಲಿ ಕನ್ನಡಕ ಕೂರಿಸುತ್ತಾಳೆ, ಲೋಕಕ್ಕೆಲ್ಲ ಕಣ್ಣು ಕೊಡುತ್ತಾಳೆ.

ಎರಡು ಒಳ್ಳೆಯ ಮಾತು ಎಂದರೆ ಇದೇ ಏನು? ಹೋದ ಪತ್ರದಲ್ಲಿ ‘ಅದನ್ನು ಬಿಡು’ ಎಂದೆಯಲ್ಲ, ನಿನಗೆ ಆಗಲೇ ಗೊತ್ತಿತ್ತು. ಹೇಳಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಅಷ್ಟೇ. ಹೇಳದೆ ಇದ್ದದ್ದಕ್ಕೆ ನೋವಾಗಿದೆ.

ಸದ್ಯಕ್ಕೆ ಒಂದೇ ಸಮಾಧಾನ. ಅವನ ಕಣ್ಣಿಗೆ ನಾನು ಅಸಲಿಯಾಗಿರುವವರೆಗೆ ನನ್ನನ್ನು ಮುಟ್ಟುವುದಿಲ್ಲ. ಡಾಕ್ಟರ ಅಕ್ಕನ ಮನೆ ಬೇರೆ ಊರಿನಲ್ಲಿದೆ, ಮುಂದಿನ ತಿಂಗಳು ಮೆಲ್ಲಗೆ ಅಲ್ಲಿಗೆ ಹೋಗುವ ಏರ್ಪಾಟು ಮಾಡುತ್ತಿದ್ದೇವೆ. ಅಲ್ಲಿಯವರೆಗೆ ನೀನು ಏನೂ ಮಾಡಬೇಡ.

ತಂಗಿ

*

ಜೂನ್ ೨೧, ೧೯೮೯

ನನ್ನ ಮೆಣಸು,

ಇನ್ನು ನೆಮ್ಮದಿಯಾಗಿ ನಿದ್ದೆ ಮಾಡು. ಆಯಿತು.

ಈಗೀಗ ನಕಲಿಯವರು ಹರಿದ ಕಿವಿಯನ್ನೂ ಕಲಿತುಬಿಟ್ಟಿದ್ದರು, ಅಂಗಡಿಯಲ್ಲಿ ನಮ್ಮದು ಯಾವುದು ಅವರದ್ದು ಯಾವುದು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಯಜಮಾನರು ತಲೆ ಮೇಲೆ ಕೈಹೊತ್ತು ಕೂತಿದ್ದರು. ನಾನು ಹೋಗಿ, ‘ಕಿವಿ ಬದಲಾಯಿಸೋಣ. ಇನ್ನು ಮೇಲೆ ಪೂರ್ತಿ ಕಿವಿ ಇರೋದೇ ಅಸಲಿ, ಹರಿದ ಕಿವಿಯವು ನಮ್ಮದಲ್ಲ ಅಂತ ಪ್ರಕಟಿಸೋಣ. ಇದ್ದವರೆಲ್ಲ ಹೊಸದು ಕೊಳ್ತಾರೆ’ ಅಂದೆ. ಅವರ ಕಣ್ಣು ಹೊಳೆಯಿತು. ನನ್ನ ಮನಸ್ಸಿನಲ್ಲಿದ್ದುದು ನೀನು. ಅವರ ಮನಸ್ಸಿನಲ್ಲಿದ್ದುದು ಏನೆಂದು ಹೇಳಬೇಕಾಗಿಲ್ಲ.

ಹಳೆಯ ಮೇಣದ ಮೂಲವನ್ನು ನಾನೇ ಕರಗಿಸಿದೆ. ನಿನ್ನ ಮುಖ ಪಾತ್ರೆಯಲ್ಲಿ ಮೆತ್ತಗಾಗುವಾಗ ಬೇರೆ ಕಡೆ ತಿರುಗಿ ನಿಂತೆ. ಹೊಸದಕ್ಕೆ ಯಾರದ್ದೂ ಅಲ್ಲದ ಮುಖ, ನುಣುಪಾದ ಎರಡು ಕಿವಿ. ‘ಕೋಟೆ ಸಮಾಚಾರ’ದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬಂದಿದೆ: ‘ಎಚ್ಚರ! ಹರಿದ ಕಿವಿಯವಳು ನಕಲಿ.’ ಈ ಪತ್ರ ಬರುವ ಹಡಗಿನಲ್ಲೇ ಪತ್ರಿಕೆಯೂ ಬರುತ್ತದೆ.

ಇನ್ನು ಆ ಹುಚ್ಚನಿಗೆ ನಿನ್ನಲ್ಲಿ ಏನು ಕೆಲಸ? ನಕಲಿಯನ್ನು ಯಾರು ತಿರುಗಿ ನೋಡುತ್ತಾರೆ?

ಅಣ್ಣ

*

ಜೂನ್ ೨೯, ೧೯೮೯

ತಂಗಿ,

ನಿನ್ನ ಹದಿನೆಂಟನೇ ತಾರೀಖಿನ ಪತ್ರ ಈಗ ಸಿಕ್ಕಿತು. ನಾನು ನನ್ನದನ್ನು ಅಂಚೆಗೆ ಹಾಕುವಾಗ ಅದು ಸಮುದ್ರದ ಮೇಲಿತ್ತು. ಅಯ್ಯೋ, ನಾನೆಂಥ ಕೆಲಸ ಮಾಡಿಬಿಟ್ಟೆ.

ಆ ಪತ್ರಿಕೆ ಇಳಿಯುವ ಮೊದಲೇ ನೀನು ಅಲ್ಲಿಂದ ಹೊರಡು. ಏನನ್ನೂ ಕಟ್ಟಿಕೊಳ್ಳುತ್ತಾ ಕೂರಬೇಡ. ಟೆಲಿಗ್ರಾಂ ಕೊಟ್ಟಿದ್ದೇನೆ. ಅಂಗಡಿಗೆ ಫೋನ್ ಮಾಡಿಸಿದೆ, ಲೈನು ಸಿಗಲಿಲ್ಲ, ಮತ್ತೆ ಮಾಡಿಸಿದೆ, ಗಂಟೆ ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಹಡಗಿನ ಕಚೇರಿಯಲ್ಲಿ ಕೇಳಿದೆ. ಹೋದ ಹಡಗು ಇವತ್ತು ನಿನ್ನ ಊರು ಮುಟ್ಟುತ್ತದಂತೆ. ಅಂದರೆ ನಾನು ಇದನ್ನು ಬರೆಯುತ್ತಿರುವಾಗ ಆ ಪತ್ರಿಕೆ ಅವನ ಕೈಯಲ್ಲಿರಬಹುದು.

ಸಂದರ್ಶನದ ವಿಷಯ ಹೇಳಲು ನಾಚಿಕೆಯಾಗಿತ್ತು. ನೀನು ಎಷ್ಟು ಬೇಕಾದರೂ ಬೈ. ಬೈಯುವುದಕ್ಕಾದರೂ ಒಂದು ಸಾಲು ಬರೆ.

ಅಣ್ಣ

*

ಜುಲೈ ೧೦, ೧೯೮೯

ತಂಗಿ,

ನಿನ್ನಿಂದ ಸುದ್ದಿಯಿಲ್ಲ. ಟೆಲಿಗ್ರಾಂ ‘ಮನೆಯಲ್ಲಿ ಯಾರೂ ಇಲ್ಲ’ ಎಂದು ಬರೆಸಿಕೊಂಡು ವಾಪಸ್ಸು ಬಂತು. ಆ ಚೀಟಿ ಹಿಡಿದು, ಅಂಚೆ ಕಚೇರಿಯವರು ಬಾಗಿಲು ಹಾಕುವವರೆಗೆ ಬೆಂಚಿನ ಮೇಲೆ ಕೂತಿದ್ದೆ.

ಇಲ್ಲಿ ಕೋಟೆ ಕುಸಿಯುತ್ತಿದೆ. ಯಾರೂ ಹೊಸ ಗೊಂಬೆ ಕೊಳ್ಳಲಿಲ್ಲ. ಇಷ್ಟು ದಿನ ಅಸಲಿ ಅಂದಿರಿ, ಈಗ ನಕಲಿ ಅಂತೀರಿ ಎಂದು ಜನ ರೊಚ್ಚಿಗೆದ್ದಿದ್ದಾರೆ. ಗೇಟಿನ ಮುಂದೆ ಒಡೆದ ಗೊಂಬೆಗಳನ್ನು ತಂದು ಸುರಿದು ಹೋಗುತ್ತಾರೆ. ನಾನು ಕಾಲಿಟ್ಟಲ್ಲೆಲ್ಲ ನಿನ್ನ ಮುಖದ ಚೂರು. ಬಣ್ಣದ ಕೋಣೆಯ ಹೆಂಗಸರನ್ನು ಮನೆಗೆ ಕಳಿಸಿದ್ದಾರೆ, ಯಜಮಾನರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಯಾವುದೂ ನನ್ನ ತಲೆಗೆ ಹೋಗುತ್ತಿಲ್ಲ. ಮುಂದಿನ ಹಡಗಿಗೆ ಹೊರಟಿದ್ದೇನೆ.

ಅಮ್ಮ ಹೋದ ಮೇಲೆ ನನಗೆ ಇರುವವಳು ನೀನೊಬ್ಬಳೇ.

ಅಣ್ಣ

*

ಜುಲೈ ೨೭, ೧೯೮೯

ತಂಗಿ,

ನಿನ್ನ ಅಂಗಡಿಯ ಒಳಕೋಣೆಯಲ್ಲಿ, ಕಣ್ಣು ಪರೀಕ್ಷೆಯ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗಿನ ಗಾಜಿನ ಮೇಜಿಗೆ ಹಲಗೆ ಹೊಡೆದಿದ್ದಾರೆ. ಅದನ್ನು ಕಂಡ ಕೂಡಲೇ ನಿನ್ನನ್ನು ಕೂಗುತ್ತಾ ಒಳಗೆ ನುಗ್ಗಿದೆ. ಡಾಕ್ಟರು ಹಿಡಿದುಕೊಂಡು, ‘ಬದುಕಿದಾಳೆ, ಬದುಕಿದಾಳೆ’ ಎಂದು ಎರಡು ಸಲ ಹೇಳಿದ ಮೇಲೆ ಉಸಿರು ಬಂತು.

ಏನಾಯಿತೆಂದು ಕೇಳಿದರೆ ‘ಅವಳೇ ಬರೀಲಿ’ ಅಂತಾರೆ. ಎಲ್ಲಿದ್ದೀಯ ಎಂದರೆ ತುಟಿ ಪಿಟಕ್ಕೆನ್ನುವುದಿಲ್ಲ. ಬೇಡಿಕೊಂಡೆ, ಅತ್ತುಬಿಟ್ಟೆ, ಒಮ್ಮೆ ಜೋರು ಮಾಡಿದೆ. ‘ಪತ್ರ ಕೊಡಿ, ತಲುಪಿಸ್ತೀನಿ, ವಿಳಾಸ ಮಾತ್ರ ಕೇಳಬೇಡಿ’ ಎಂದರು. ಸ್ವಂತ ಅಣ್ಣನಿಗೂ ಹೇಳಬಾರದಾ ಅಂದೆ. ಅವರು ಕನ್ನಡಕ ತೆಗೆದು ಒರೆಸತೊಡಗಿದರು.

ಕಾರ್ಖಾನೆ ಮುಚ್ಚಿತು. ಅಚ್ಚುಗಳನ್ನು ರಬ್ಬರಿನ ತೂಕಕ್ಕೆ ಹಾಕಿದರು. ನಾನು ಇಲ್ಲೇ ಯಾವುದಾದರೂ ಕೆಲಸ ಹುಡುಕಿಕೊಂಡು ನಿನ್ನ ಹತ್ತಿರ ಇರುತ್ತೇನೆ. ನೀನು ಎಲ್ಲಿದ್ದರೂ ಬಂದು ಬಾಗಿಲಲ್ಲಿ ಕಾವಲು ಕೂರುತ್ತೇನೆ. ಎಲ್ಲಿ ಎಂದು ಒಂದು ಮಾತು ಹೇಳು, ಸಾಕು.

ಅಣ್ಣ

*

ಆಗಸ್ಟ್ ೧೯, ೧೯೮೯

ಅಣ್ಣ,

ನಾನು ಚೆನ್ನಾಗಿದ್ದೇನೆ. ಗಾಯವಾಗಿಲ್ಲ. ಮೊದಲು ಇದನ್ನು ಓದಿ ನೀರು ಕುಡಿ, ಆಮೇಲೆ ಉಳಿದದ್ದು ಓದು.

ನಿನ್ನ ಪತ್ರವೂ ಪತ್ರಿಕೆಯೂ ಒಂದೇ ದಿನ ಬಂದವು. ಪತ್ರ ನನ್ನ ಮನೆಗೆ ಹೋಗಿತ್ತು, ನಾನು ಅಂಗಡಿಯಲ್ಲಿದ್ದೆ. ಹಾಗಾಗಿ ಸುದ್ದಿ ನನಗಿಂತ ಮೊದಲು ಅವನಿಗೆ ತಿಳಿಯಿತು. ಮಧ್ಯಾಹ್ನ, ಡಾಕ್ಟರು ಒಳಗೆ ಒಬ್ಬ ಅಜ್ಜಿಗೆ ಅಕ್ಷರ ಓದಿಸುತ್ತಿದ್ದರು. ಅವನು ಬಂದು ಬಾಗಿಲ ಚಿಲಕ ಹಾಕಿ, ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿಟ್ಟ. ಅದರ ಮೇಲೆ ಸುತ್ತಿಗೆ ಇಟ್ಟ, ಸದ್ದಾಗದ ಹಾಗೆ. ‘ಸ್ಕಾರ್ಫ್ ತೆಗೀರಿ’ ಅಂದ. ಅವನ ಕಣ್ಣಿನಿಂದ ನೀರು ಇಳಿಯುತ್ತಿತ್ತು. ‘ಎಷ್ಟು ನಂಬಿದ್ದೆ ನಿಮ್ಮನ್ನ’ ಅಂದ.

ತಲೆಯಲ್ಲಿ ಏನೂ ಇರಲಿಲ್ಲ, ಬರೀ ಹೆದರಿಕೆ. ಆಗ ಬಾಯಿಗೆ ಬಂದದ್ದು ದಿನಾ ಹೇಳುವ ಮಾತು. ‘ಕಡ್ಡಿ ಸಡಿಲ ಆಗಿದೆ ಸರ್, ಕೊಡಿ’ ಎಂದು ಕೈ ಚಾಚಿದೆ. ಅವನೂ ಅಭ್ಯಾಸಬಲದಿಂದ ಕನ್ನಡಕ ತೆಗೆದು ನನ್ನ ಅಂಗೈಯಲ್ಲಿಟ್ಟ. ಇಟ್ಟ ಮೇಲೆ ಅವನಿಗೆ ಗೊತ್ತಾಯಿತು. ನಾನು ಮೇಜು ಸುತ್ತಿ ಓಡಿ ಚಿಲಕ ತೆಗೆಯುವಷ್ಟರಲ್ಲಿ, ನಾನು ನಿಂತಿದ್ದ ಜಾಗಕ್ಕೆ ಅವನು ಸುತ್ತಿಗೆ ಬೀಸಿದ್ದ. ಗಾಜೆಲ್ಲ ಪುಡಿಯಾಯಿತು. ಒಡೆದ ಸದ್ದು ನಿಂತ ಮೇಲೂ ಅವನು ಗಾಳಿಗೆ ಹೊಡೆಯುತ್ತಲೇ ಇದ್ದ.

ಪೊಲೀಸರು ಹಿಡಿದುಕೊಂಡು ಹೋದರು, ಮೇಜಿನ ನಷ್ಟ ಕಟ್ಟಿಸಿಕೊಂಡು ಬಿಟ್ಟು ಕಳಿಸಿದರು. ಅವನಿಗೆ ಈಗ ಹೊಸ ಕನ್ನಡಕ ಇರುತ್ತದೆ.

ನಾನು ಎಲ್ಲಿದ್ದೇನೆ ಎಂದು ಕೇಳಿದ್ದೀಯ. ಹೇಳುವುದಿಲ್ಲ, ಅಣ್ಣ. ಡಾಕ್ಟರ ಅಕ್ಕನ ಊರಿನಲ್ಲೂ ನಾನಿಲ್ಲ. ನಿನಗೆ ವಿಳಾಸ ಕೊಡಬೇಡಿ ಎಂದು ಡಾಕ್ಟರಿಗೆ ಹೇಳಿದವಳು ನಾನೇ. ಸಿಟ್ಟಿನಿಂದಲ್ಲ. ಅವತ್ತು ಸಿಟ್ಟಿತ್ತು, ಈಗ ಅದೂ ಇಲ್ಲ. ನೀನು ನನ್ನ ಮುಖ ಕೆತ್ತಿದ್ದು ಪ್ರೀತಿಯಿಂದ, ಪತ್ರಿಕೆಯವರಿಗೆ ಹೇಳಿದ್ದು ಪ್ರೀತಿಯಿಂದ, ಕಿವಿ ಬದಲಾಯಿಸಿದ್ದೂ ಪ್ರೀತಿಯಿಂದಲೇ. ಒಂದು ಸಲವೂ ನನ್ನನ್ನು ಕೇಳಲಿಲ್ಲ. ಅವನ ಸುತ್ತಿಗೆ ಬಂದರೆ ಓಡಬಹುದು ಎಂದು ಗೊತ್ತಾಗಿದೆ. ನಿನ್ನ ಪ್ರೀತಿ ಮುಂದಿನ ಸಲ ಯಾವ ಬಾಗಿಲು ತೋರಿಸಿಬಿಡುತ್ತದೋ ಎಂದು ನೆನೆದರೆ ನನಗೆ ನಿದ್ದೆ ಬರುವುದಿಲ್ಲ.

ಇಲ್ಲಿ ಯಾರಿಗೂ ನನ್ನ ಬಗ್ಗೆ ಗೊತ್ತಿಲ್ಲ. ಕೆಲಸ ಸಿಕ್ಕಿದೆ, ಯಾವ ಕೆಲಸ ಎಂದು ಬರೆಯುವುದಿಲ್ಲ. ಪಕ್ಕದ ಮನೆಯ ಹೆಂಗಸು ಬೆಳಿಗ್ಗೆ ‘ತಿಂಡಿ ಆಯ್ತಾ’ ಎಂದು ಕೇಳುತ್ತಾಳೆ, ನನ್ನ ಕಿವಿಯನ್ನು ನೋಡುವುದಿಲ್ಲ. ಬಾಗಿಲು ತೆಗೆಯುವಾಗ ಈಗಲೂ ಮೊದಲು ಮೆಟ್ಟಿಲು ನೋಡುತ್ತೇನೆ. ಅದು ಹೋಗಲು ಸಮಯ ಬೇಕು.

ಈ ಪತ್ರದ ಮೇಲಿನ ಮುದ್ರೆ ನೋಡಿ ಹುಡುಕಬೇಡ, ಬೇರೆ ಕಡೆಗೆ ಹೋಗುವವರ ಕೈಯಲ್ಲಿ ಕೊಟ್ಟು ಹಾಕಿಸಿದ್ದೇನೆ. ಊರಿಗೆ ವಾಪಸ್ಸು ಹೋಗು. ಹೊತ್ತುಹೊತ್ತಿಗೆ ಊಟ ಮಾಡು. ನಿನಗೆ ನಾನೊಬ್ಬಳೇ ಅಂದೆಯಲ್ಲ, ನನಗೂ ನೀನೊಬ್ಬನೇ. ಬರೆಯಬೇಕೆನಿಸಿದಾಗ ಡಾಕ್ಟರಿಗೆ ಕಳಿಸು, ನಾನು ಓದುತ್ತೇನೆ, ಉತ್ತರ ಬರುತ್ತದೆಂದು ಕಾಯಬೇಡ.

ನನ್ನ ನೆನಪಾದರೆ ಮೇಣ ಮುಟ್ಟಬೇಡ.

ತಂಗಿ